ಇಪ್ಪತ್ತೆರಡು ಅಡಿ ಗೋಡೆ

ಸೌದಾಮಿನಿ ತಾನು ಬರೆದ ಎಲ್ಲಕ್ಕಿಂತ ದೊಡ್ಡ ಚಿತ್ರವನ್ನು ತಾನೇ ಒಮ್ಮೆಯೂ ಇಡಿಯಾಗಿ ನೋಡಿರಲಿಲ್ಲ. ಎಂಟು ಕ್ಯಾನ್ವಾಸುಗಳು. ಒಂದರ ಪಕ್ಕ ಒಂದಿಟ್ಟರೆ ಇಪ್ಪತ್ತೆರಡು ಅಡಿ ಉದ್ದ, ಆಳೆತ್ತರ. ತಿರುವನಂತಪುರದ ಅವಳ ಸರ್ಕಾರಿ ಕ್ವಾರ್ಟರ್ಸಿನ ಹಾಲಿನಲ್ಲಿ ಸೋಫಾ ಎತ್ತಿ ಅಡುಗೆಮನೆಗೆ ಸಾಗಿಸಿದರೂ ಮೂರಕ್ಕಿಂತ ಹೆಚ್ಚು ನಿಲ್ಲುತ್ತಿರಲಿಲ್ಲ. ಒಂದು ಮುಗಿದರೆ ಅದನ್ನು ಮಂಚದ ಹಿಂದೆ ಗೋಡೆಗೆ ಮುಖ ಮಾಡಿ ನಿಲ್ಲಿಸುವುದು, ಮುಂದಿನದಕ್ಕೆ ಕೈ ಹಾಕುವುದು. ಹಾಗೆ ಮೂರು ವರ್ಷ ಕಳೆದಿತ್ತು.

ಗಂಡ ಗಣೇಶಪ್ರಸಾದ್ ಬ್ಯಾಂಕಿನಿಂದ ನಿವೃತ್ತರಾದ ಮನುಷ್ಯ. ಒಂದು ದಿನ ಕೇಳಿಯೇ ಬಿಟ್ಟರು. "ಅಲ್ಲ ಮಾರಾಯ್ತಿ, ಇದರ ತಲೆ ಎಲ್ಲಿ, ಬಾಲ ಎಲ್ಲಿ ಅಂತ ನಿನಗಾದರೂ ಗೊತ್ತುಂಟಾ?"

"ಗೊತ್ತುಂಟು," ಎಂದಳು ಸೌದಾಮಿನಿ. ಆದರೆ ನಿಜವಾಗಿ ಗೊತ್ತಿರಲಿಲ್ಲ.

ಕಾಸರಗೋಡಿನಿಂದ ಬಂದು ಸೆಕ್ರೆಟೇರಿಯಟ್ಟಿನ ಕಾನೂನು ಇಲಾಖೆಯಲ್ಲಿ ಕನ್ನಡ ಅನುವಾದಕಿಯಾಗಿ ಸೇರಿದವಳು ಅವಳು. ಹಗಲೆಲ್ಲ ಕಾಯ್ದೆಗಳನ್ನು ಕನ್ನಡಕ್ಕೆ ತಿರುಗಿಸುವುದು, ಉಳಿದ ಹೊತ್ತಿನಲ್ಲಿ ಚಿತ್ರ. ಇಪ್ಪತ್ತೈದು ವರ್ಷಗಳಿಂದ ಅವಳು ಬರೆದದ್ದು ದೇವಸ್ಥಾನದ ಕೆರೆಗಳನ್ನು. ಹಸಿರು ನೀರು, ಪಾಚಿ ಹಿಡಿದ ಮೆಟ್ಟಿಲು, ನೀರಲ್ಲಿ ತಲೆಕೆಳಗಾದ ಗೋಪುರ. ಜನಕ್ಕೆ ಅವು ಇಷ್ಟವಾದವು. ವೈದ್ಯರ ಕ್ಲಿನಿಕ್ಕುಗಳಲ್ಲಿ, ವಕೀಲರ ಚೇಂಬರುಗಳಲ್ಲಿ ಅವಳ ಕೆರೆಗಳು ತೂಗಿದವು. ಮಲೆಯಾಳದಲ್ಲಿ ಕೆರೆಗೆ ಕುಳಂ ಎನ್ನುತ್ತಾರಷ್ಟೆ. ಚಿತ್ರಕಾರರ ನಡುವೆ ಅವಳಿಗೆ 'ಕುಳಂ ಸೌದಾಮಿನಿ' ಎಂದೇ ಹೆಸರು ಬಿತ್ತು. ಮೊದಮೊದಲು ಅವಳಿಗೂ ಅದು ಹೆಮ್ಮೆಯಾಗಿತ್ತು. ಬರುಬರುತ್ತಾ ಆ ಹೆಸರು ಕಿರಿದಾದ ರವಕೆಯ ಹಾಗೆ ಬಿಗಿಯತೊಡಗಿತು.

ಎರಡು ಸಾವಿರದ ಮೂರರಲ್ಲಿ, ಒಂದು ಎರಡನೆಯ ಶನಿವಾರ, ಆಫೀಸಿಗೆ ರಜೆ. ತಿರುವಲ್ಲಂ ದೇವಸ್ಥಾನದ ಕಡೆ ಕೆರೆ ಬರೆಯಲೆಂದು ಬೆಳಕು ಹರಿಯುವ ಮೊದಲೇ ಹೋಗಿದ್ದಳು. ರಸ್ತೆಯ ಬದಿಯಲ್ಲಿ ಹನ್ನೊಂದು ಹೆಂಗಸರು ಸಾಲಾಗಿ ನಡೆದು ಬರುತ್ತಿದ್ದರು. ಎಲ್ಲರ ತಲೆಯ ಮೇಲೂ ಅಲ್ಯೂಮಿನಿಯಂ ಪಾತ್ರೆ, ಅದರ ತುಂಬ ಮೀನು. ವಿಳಿಂಜಂ ಬಂದರಿನಿಂದ ಹೊರಟವರು. ಮೀನಿನ ನೀರು ಸೋರುತ್ತದೆಂದು ಬಸ್ಸಿನವರು ಅವರನ್ನು ಹತ್ತಿಸುತ್ತಿರಲಿಲ್ಲ. ಹಾಗಾಗಿ ನಡಿಗೆ. ಕತ್ತು ಅಲ್ಲಾಡದ ಹಾಗೆ, ಸೊಂಟದಿಂದ ಕೆಳಗೆ ಮಾತ್ರ ಓಡುವ ಹಾಗೆ ಒಂದು ನಡಿಗೆ. ಸೌದಾಮಿನಿ ಬಾಯಿ ತೆರೆದು ನೋಡಿದಳು. ಅವರು ದಾಟಿಹೋದ ಮೇಲೆ ಅವಳಿಗೆ ಕೆರೆ ಬರೆಯಲು ಕೈಯೇ ಓಡಲಿಲ್ಲ.

ಮುಂದಿನ ತಿಂಗಳು ನೇರ ವಿಳಿಂಜಂಗೇ ಹೋದಳು. ಸಾಲಿನ ಮುಂದಾಳು ಫಿಲೋಮಿನ ಎಂಬವಳು. ಐವತ್ತರ ಆಸುಪಾಸು, ದೊಡ್ಡ ಗಂಟಲು. ಚಿತ್ರ ಬರೆಯಲು ಒಂದು ಗಳಿಗೆ ನಿಲ್ಲುತ್ತೀರಾ ಎಂದು ಸೌದಾಮಿನಿ ಕೇಳಿದಳು.

"ನಿಲ್ಲಬೇಕಾ? ನಿಂತರೆ ಮೀನು ಹಾಳಾಗುತ್ತದೆ. ಬೇಕಾದರೆ ಜೊತೆಗೆ ನಡೆಯಿರಿ, ಮಾಮಿ," ಎಂದಳು ಫಿಲೋಮಿನ. ಮೀನು ತಿನ್ನುವುದಿಲ್ಲ ಎಂದ ಹೆಂಗಸು ತಮಿಳು ಬ್ರಾಹ್ಮಣರವಳೇ ಇರಬೇಕೆಂದು ಅವಳ ಲೆಕ್ಕ. ಆ 'ಮಾಮಿ' ಕೊನೆಗೂ ತಪ್ಪಲಿಲ್ಲ.

ಸೌದಾಮಿನಿ ನಡೆದಳು. ಒಂದು ಸಲವಲ್ಲ, ಮೂರು ವರ್ಷ, ರಜೆ ಸಿಕ್ಕಿದಾಗಲೆಲ್ಲ. ಅಂಗೈಯಗಲದ ಪುಸ್ತಕದಲ್ಲಿ ನಡೆಯುತ್ತಲೇ ಗೀಚುವುದು ಕಲಿತಳು. ಜೀವಮಾನದಲ್ಲಿ ಮೀನು ಮುಟ್ಟದವಳು ಚಾಳವೆಂಬ ಬೂತಾಯಿ ಯಾವುದು, ಅಯಲವೆಂಬ ಬಂಗುಡೆ ಯಾವುದು, ಇವತ್ತಿನದು ಯಾವುದು, ನಿನ್ನೆಯದು ಯಾವುದು ಎಂದು ಕಣ್ಣಿನಲ್ಲೇ ಹೇಳುವಷ್ಟು ಪಳಗಿದಳು. ಆ ಹನ್ನೊಂದು ಜನರ ಸಾಲೇ ಎಂಟು ಕ್ಯಾನ್ವಾಸುಗಳ ಮೇಲೆ ಬಂದು ಕೂತಿತು. ಹಿಂದೆ ಕಡಲು, ಕೆಳಗೆ ರಸ್ತೆ, ನಡುವೆ ಅವರು.

ಎರಡು ಸಾವಿರದ ಆರರ ಡಿಸೆಂಬರಿನಲ್ಲಿ ಎರ್ನಾಕುಲಂನ 'ಕೂಟ್ಟಾಯ್ಮ' ಗ್ಯಾಲರಿಯಲ್ಲಿ ಒಂಬತ್ತು ಮಂದಿ ಕಲಾವಿದರ ಪ್ರದರ್ಶನ ಏರ್ಪಾಟಾಯಿತು. ಕೂಟ್ಟಾಯ್ಮ ಎಂದರೆ ಊರವರು ಕೂಡಿ ಕಟ್ಟಿದ್ದು. ಹಳೆಯ ಗೋದಾಮೊಂದಕ್ಕೆ ಸುಣ್ಣ ಬಳಿದು, ಬೀದಿಯ ಜನರೇ ಸರದಿಯಲ್ಲಿ ಬಾಗಿಲು ತೆರೆದು ಮುಚ್ಚಿ ನಡೆಸುವ ಜಾಗ. ಒಂಬತ್ತು ಮಂದಿಯೂ ನಾಡಿನಲ್ಲಿ ಹೆಸರು ಮಾಡಿದವರೇ. ಹಿರಿಯರು ಅಚ್ಯುತನ್ ಮಾಷ್. ಶಾಲೆಯಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದವರು, ಎಪ್ಪತ್ತು ದಾಟಿದವರು. ಪ್ರದರ್ಶನದ ಹೊಣೆ ಅವರದೇ. ಸೌದಾಮಿನಿ ಎಂಟು ಕ್ಯಾನ್ವಾಸುಗಳನ್ನು ಹಳೆಯ ಸೀರೆಗಳಲ್ಲಿ ಸುತ್ತಿ, ಟೆಂಪೋ ಹತ್ತಿಸಿ, ಗಂಡನೊಡನೆ ಶುಕ್ರವಾರ ಮಧ್ಯಾಹ್ನ ಎರ್ನಾಕುಲಂ ಸೇರಿದಳು. ಉದ್ಘಾಟನೆ ಶನಿವಾರ ಬೆಳಿಗ್ಗೆ ಹತ್ತೂವರೆಗೆ. ಫಿಲೋಮಿನಳಿಗೂ ಅವಳ ಜೊತೆಯವರಿಗೂ ಬೆಳಗಿನ ರೈಲಿಗೆ ಬರಲು ಹೇಳಿಯಾಗಿತ್ತು.

ಅಚ್ಯುತನ್ ಮಾಷ್ ಎಂಟು ಕಟ್ಟುಗಳನ್ನು ನೋಡಿ ಕನ್ನಡಕ ತೆಗೆದರು.

"ಸೌದಾಮಿನೀ, ಇದೆಲ್ಲ ಒಂದೇ ಚಿತ್ರವಾ?"

"ಒಂದೇ, ಮಾಷೇ. ಕಾಗದದಲ್ಲಿ ಅಳತೆ ಬರೆದಿದ್ದೆನಲ್ಲ?"

"ಇಪ್ಪತ್ತೆರಡು ಇಂಚು ಅಂದುಕೊಂಡೆ ನಾನು." ಅವರು ಹಾಲಿನ ಗೋಡೆಗಳತ್ತ ಕೈ ತೋರಿಸಿದರು. ಕಿಟಕಿ, ಕಂಬ, ಕಿಟಕಿ, ಬಾಗಿಲು, ಪ್ಲೈವುಡ್ಡಿನ ಆಫೀಸು ಕೋಣೆ. ತಡೆಯಿಲ್ಲದ ಅತಿ ಉದ್ದದ ಗೋಡೆ ಹದಿನಾಲ್ಕು ಅಡಿ. ಅದರಲ್ಲಿ ಆಗಲೇ ಮಾಷ್ ಅವರದೇ ಚಿತ್ರಗಳು. "ಮೂರು ತೂಗಿಸೋಣ. ಉಳಿದದ್ದನ್ನು ಒಳಗಿನ ಕೋಣೆಯಲ್ಲಿಡಿ. ನಾಲ್ಕು ಕುಳಂ ತಂದಿದ್ದರೆ ಸಾಕಿತ್ತಲ್ಲ! ಜನ ಅದನ್ನೇ ಕೇಳುವುದು."

"ಹನ್ನೊಂದು ಜನ ನಡೆಯುತ್ತಿದ್ದಾರೆ ಮಾಷೇ. ಮೂರರಲ್ಲಿ ನಾಲ್ಕೇ ಜನ. ನೀವು ಮಾತ್ರ ಬನ್ನಿ, ಉಳಿದವರು ಕೋಣೆಯಲ್ಲಿರಿ ಅಂತ ಅವರಿಗೆ ಹೇಗೆ ಹೇಳಲಿ?"

"ಹಾಗಾದರೆ ಗೋಡೆಯನ್ನು ನಾನು ಎಲ್ಲಿಂದ ತರಲಿ?" ಎಂದರು ಮಾಷ್. ದನಿಯಲ್ಲಿ ಸಿಟ್ಟಿರಲಿಲ್ಲ. ಆದರೆ ಮಾತು ಅಲ್ಲಿಗೆ ಮುಗಿದಿತ್ತು.

ಸೌದಾಮಿನಿ ಕಟ್ಟು ಬಿಚ್ಚಲೇ ಇಲ್ಲ. ಬೇರೆಯವರೆಲ್ಲ ಮೊಳೆ ಹೊಡೆಯುತ್ತಿದ್ದಾಗ ಅವಳು ಮೆಟ್ಟಿಲ ಮೇಲೆ ಕೂತು ಟೆಂಪೋದವನಿಗೆ ಫೋನ್ ಮಾಡಬೇಕೇ ಬೇಡವೇ ಎಂದು ಯೋಚಿಸುತ್ತಿದ್ದಳು. ಶಿಲ್ಪಿ ಕಲ್ಯಾಣಿ ಬಂದು ಪಕ್ಕದಲ್ಲಿ ಕೂತಳು. ಒಂಬತ್ತು ಮಂದಿಯಲ್ಲಿ ಇವರಿಬ್ಬರೇ ಹೆಂಗಸರು. ಕಲ್ಲು ಕೆತ್ತಿ ಕೆತ್ತಿ ಕಲ್ಯಾಣಿಯ ಅಂಗೈ ಕಲ್ಲಿನಂತೆಯೇ ಆಗಿತ್ತು.

"ಹೊರಟುಹೋಗುವ ಯೋಚನೆ ಉಂಟಾ ಚೇಚಿ?" ಅಕ್ಕ ಎನ್ನುವುದನ್ನೇ ಮಲೆಯಾಳದಲ್ಲಿ ಚೇಚಿ ಎನ್ನುತ್ತಾರೆ.

"ಉಂಟು."

"ಒಂದು ಚಹಾ ಕುಡಿದು ಹೋಗಿ," ಎಂದಳು ಕಲ್ಯಾಣಿ.

ಚಹಾದ ಜೊತೆಗೇ ಸುದ್ದಿ ಬಂತು. ಪಕ್ಕದ ಅಂಗಡಿಯ ಟಿವಿಯಲ್ಲಿ ಹೇಳುತ್ತಿದ್ದರು: ನಾಳೆ ಹರತಾಳ, ಬೆಳಿಗ್ಗೆ ಆರರಿಂದ ಸಂಜೆ ಆರರವರೆಗೆ. ಬಸ್ಸಿಲ್ಲ, ಆಟೋ ಇಲ್ಲ, ಅಂಗಡಿ ಇಲ್ಲ. ಹತ್ತು ನಿಮಿಷದಲ್ಲಿ ಮುಖ್ಯ ಅತಿಥಿಗಳ ಕಡೆಯಿಂದ ಫೋನ್ ಬಂತು. ತಿರುವನಂತಪುರದಿಂದ ಕಾರಿನಲ್ಲಿ ಬರುವುದು ಸಾಧ್ಯವಿಲ್ಲ, ಕ್ಷಮಿಸಬೇಕು. ಹಾಲಿನಲ್ಲಿ ಸುತ್ತಿಗೆಯ ಸದ್ದು ನಿಂತಿತು. ಎಂಟು ಮಂದಿ ಕೈಕಟ್ಟಿ ನಿಂತರು. ಅಚ್ಯುತನ್ ಮಾಷ್ ಮೊದಲ ಬಾರಿಗೆ ಕುರ್ಚಿ ಹುಡುಕಿ ಕೂತರು.

"ಒಂದು ವರ್ಷದ ಕೆಲಸ," ಎಂದರು. "ಉದ್ಘಾಟನೆಗೆ ಕಾಗೆ ಕೂಡ ಬರುವುದಿಲ್ಲ ನಾಳೆ."

ಸೌದಾಮಿನಿ ಗಾಳಿಗೆಂದು ಗೇಟಿನ ಹೊರಗೆ ಬಂದಳು. ಸಂಜೆಯ ಹೊತ್ತು, ಬಸ್ಸುಗಳು ಒಂದನ್ನೊಂದು ಒರಸಿಕೊಂಡು ನುಗ್ಗುತ್ತಿದ್ದವು. ಗ್ಯಾಲರಿಯ ಕಾಂಪೌಂಡ್ ಗೋಡೆ ರಸ್ತೆಯುದ್ದಕ್ಕೂ ಚಾಚಿತ್ತು. ಎತ್ತರದ ಗೋಡೆ, ಬಿಳಿ ಸುಣ್ಣ, ಮೇಲೆ ಕಬ್ಬಿಣದ ಸರಳುಗಳು. ಮೂವತ್ತು ಅಡಿಗೆ ಮೋಸವಿಲ್ಲ. ಆದರೆ ಗೋಡೆಯ ಮುಂದೆ ಎರಡಡಿಯ ಫುಟ್‌ಪಾತು, ಅದರಾಚೆ ಬಸ್ಸು. ಅಲ್ಲಿ ನಿಂತು ಚಿತ್ರ ನೋಡಬೇಕೆಂದರೆ ಮೂಗು ಕ್ಯಾನ್ವಾಸಿಗೆ ತಾಗಬೇಕು. ಎದುರು ಬದಿಯಿಂದ ನೋಡಿದರೆ ಬಸ್ಸಿನ ಬೆನ್ನು ಮಾತ್ರ ಕಾಣುತ್ತದೆ.

ಹಾಗೆಂದುಕೊಂಡು ತಿರುಗಿದವಳು ಗೇಟಿನ ಬಳಿ ಗಕ್ಕನೆ ನಿಂತಳು. ನಾಳೆ ಬಸ್ಸೇ ಇಲ್ಲವಲ್ಲ!

ಒಳಗೆ ಹೋಗಿ ಹೇಳಿದಾಗ ಎಲ್ಲರೂ ಒಮ್ಮೆಲೇ ಮಾತಾಡಿದರು. ಇಬ್ಬನಿ ಬಿದ್ದರೆ? ಬಿಸಿಲು ಹೊಡೆದರೆ? ಹರತಾಳದವರು ಕಲ್ಲೆಸೆದರೆ?

"ಕಲ್ಲೆಸೆಯಲು ಅದೇನು ಬಸ್ಸಾ?" ಎಂದಳು ಸೌದಾಮಿನಿ. "ಗೋಡೆ ಪಶ್ಚಿಮಕ್ಕೆ ಮುಖ ಮಾಡಿದೆ, ಮಧ್ಯಾಹ್ನದವರೆಗೆ ನೆರಳು. ಆಮೇಲೆ ಇಳಿಸೋಣ. ಹಾಳಾದರೆ ನನ್ನದು ಹಾಳಾಗುತ್ತದೆ. ಮಾಷೇ, ನೀವು ಗೋಡೆ ಎಲ್ಲಿಂದ ತರಲಿ ಅಂದಿರಲ್ಲ. ಗೋಡೆ ಇಲ್ಲಿಯೇ ಉಂಟು."

ಅಚ್ಯುತನ್ ಮಾಷ್ ಕುರ್ಚಿಯಿಂದ ಎದ್ದರು. ಆಮೇಲೆ, "ಹಗ್ಗ ಇದೆಯಾ ಯಾರ ಹತ್ತಿರವಾದರೂ?" ಎಂದರು.

ಶನಿವಾರ ಬೆಳಿಗ್ಗೆ ಏಳಕ್ಕೆ ಒಂಬತ್ತು ಮಂದಿಯೂ ಬಂದಿದ್ದರು, ಎಲ್ಲರೂ ನಡೆದೇ. ರಸ್ತೆ ತೊಳೆದಿಟ್ಟ ಪಾತ್ರೆಯ ಹಾಗೆ ಖಾಲಿಯಾಗಿತ್ತು. ಕಲ್ಯಾಣಿ ಕಲ್ಲು ಎತ್ತುವ ತೆಂಗಿನ ನಾರಿನ ಹಗ್ಗ ತಂದಿದ್ದಳು. ಗಣೇಶಪ್ರಸಾದ್ ಪಂಚೆ ಎತ್ತಿಕಟ್ಟಿ ಗೋಡೆ ಹತ್ತಿ, ಸರಳುಗಳಿಗೆ ಒಂದೊಂದೇ ಕ್ಯಾನ್ವಾಸನ್ನು ಕಟ್ಟಿದರು. ಮೂವತ್ತು ವರ್ಷ ಬ್ಯಾಂಕಿನ ಕುರ್ಚಿ ಬಿಟ್ಟೇಳದ ಮನುಷ್ಯ ಹೀಗೆ ಗೋಡೆ ಹತ್ತುತ್ತಾರೆಂದು ಸೌದಾಮಿನಿಗೆ ಗೊತ್ತೇ ಇರಲಿಲ್ಲ.

"ಬಿದ್ದೀರಿ!"

"ನೀನು ಕೆಳಗಿನ ಹಗ್ಗ ಬಿಗಿ ಹಿಡಿ. ಮೇಲಿನದ್ದು ನಾನು ನೋಡಿಕೊಳ್ತೇನೆ."

ಎಂಟನೆಯದು ಏರುವವರೆಗೂ ಸೌದಾಮಿನಿ ಗೋಡೆಗೆ ಅಂಟಿಕೊಂಡೇ ಇದ್ದಳು. ಬೇಕೆಂದೇ ಹಿಂದೆ ಸರಿಯಲಿಲ್ಲ. ಕೊನೆಯ ಗಂಟು ಬಿದ್ದ ಮೇಲೆ ಕೈಯ ನಾರು ಒರಸಿಕೊಂಡು, ಗೋಡೆಗೆ ಬೆನ್ನು ಹಾಕಿ ರಸ್ತೆ ದಾಟಿದಳು. ಬೇರೆ ದಿನವಾದರೆ ಆ ರಸ್ತೆ ದಾಟಲು ಕಾಲು ಗಂಟೆ ಬೇಕು. ಎದುರಿನ ಮುಚ್ಚಿದ ಔಷಧಿ ಅಂಗಡಿಯ ಮೆಟ್ಟಿಲು ಮುಟ್ಟಿ ತಿರುಗಿದಳು.

ಹನ್ನೊಂದು ಹೆಂಗಸರು ನಡೆದು ಬರುತ್ತಿದ್ದರು.

ಅವಳು ಬರೆದದ್ದೇ, ಒಂದೊಂದು ಗೆರೆಯೂ ಅವಳದೇ. ಆದರೂ ಹೀಗೆಂದು ಅವಳಿಗೆ ತಿಳಿದಿರಲಿಲ್ಲ. ಒಂದೊಂದಾಗಿ ನೋಡಿದಾಗ ಭಾರ ಹೊತ್ತ ಹೆಂಗಸರು. ಸಾಲಾಗಿ ನಿಂತಾಗ ಭಾರವೇ ಕಾಣಲಿಲ್ಲ, ನಡಿಗೆ ಮಾತ್ರ ಕಂಡಿತು. ಫಿಲೋಮಿನಳ ಹೆಜ್ಜೆಯಿಂದ ಹೊರಟದ್ದು ಕೊನೆಯವಳ ಹಿಮ್ಮಡಿಯವರೆಗೆ ಅಲೆಯ ಹಾಗೆ ಹರಿಯುತ್ತಿತ್ತು. ಸೌದಾಮಿನಿ ಮೆಟ್ಟಿಲ ಮೇಲೆ ಕೂತಳು. ಕಣ್ಣು ತುಂಬಿ ಚಿತ್ರ ಕಲಸಿಹೋಯಿತು. ಸೆರಗಿನಿಂದ ಒರಸಿಕೊಂಡು ಮತ್ತೆ ನೋಡಿದಳು. ಮೂರು ವರ್ಷ ಕಾದವಳಿಗೆ ಒಂದು ನಿಮಿಷವೂ ದಂಡ ಮಾಡುವ ಮನಸ್ಸಿರಲಿಲ್ಲ.

ಅಚ್ಯುತನ್ ಮಾಷ್ ಯಾವಾಗ ಬಂದು ಪಕ್ಕದಲ್ಲಿ ನಿಂತರೋ ತಿಳಿಯಲಿಲ್ಲ.

"ಆರನೆಯದರಲ್ಲಿ ಕಡಲು ಒಂದು ಬೆರಳು ಮೇಲಿದೆ," ಎಂದರು.

ಹೌದು, ಇತ್ತು. ಐದರಿಂದ ಬಂದ ಕಡಲಿನ ಗೆರೆ ಆರರಲ್ಲಿ ಸಣ್ಣಗೆ ಮೆಟ್ಟಿಲು ಹತ್ತಿತ್ತು. ಮನೆಯ ಹಾಲಿನಲ್ಲಿ ಒಂದೊಂದನ್ನೇ ಮುಗಿಸಿ ಗೋಡೆಗೆ ತಿರುಗಿಸಿಟ್ಟವಳಿಗೆ ಅದು ಕಣ್ಣಿಗೆ ಬಿದ್ದಿರಲಿಲ್ಲ.

"ಹಗ್ಗ ಇಳಿಸಿದರೆ ಹೆಂಗಸರ ಕಾಲು ತಪ್ಪುತ್ತದೆ," ಎಂದಳು ಅವಳು. "ಕಡಲನ್ನೇ ತಿದ್ದಬೇಕು."

"ತಿದ್ದು. ನನ್ನ ಬಣ್ಣದ ಪೆಟ್ಟಿಗೆ ಒಳಗಿದೆ, ಹಿತ್ತಲ ಗೇಟಿನಿಂದ ಹೋಗಿ ತರುತ್ತೇನೆ."

ಎಪ್ಪತ್ತು ದಾಟಿದ ಅಚ್ಯುತನ್ ಮಾಷ್ ಸ್ಟೂಲು ಹಿಡಿದರು; ಸೌದಾಮಿನಿ ಅದರ ಮೇಲೆ ಹತ್ತಿ ರಸ್ತೆಯ ಬದಿಯಲ್ಲಿ ಕಡಲನ್ನು ಒಂದು ಬೆರಳು ಕೆಳಗಿಳಿಸಿದಳು. ಅಷ್ಟರಲ್ಲಿ ಜನ ಸೇರತೊಡಗಿದ್ದರು. ಹರತಾಳದ ದಿನ ಮನೆಯಲ್ಲಿ ಕೂತು ಬೇಸರವಾಗಿ ಹೊರಟ ಸಂಸಾರಗಳು, ಸೈಕಲ್ ಕಲಿಯುತ್ತಿದ್ದ ಮಕ್ಕಳು, ನಡುರಸ್ತೆಯಲ್ಲಿ ಕ್ರಿಕೆಟ್ ಆಡುತ್ತಿದ್ದವರು, ಲಾಠಿ ಹಿಡಿದು ಆಕಳಿಸುತ್ತಿದ್ದ ಪೊಲೀಸರು. ಅವರಲ್ಲಿ ಹೆಚ್ಚಿನವರು ಎಷ್ಟೋ ವರ್ಷಗಳಿಂದ ಆ ಗೇಟಿನ ಮುಂದೆ ಓಡಾಡಿದರೂ ಒಳಗೆ ಕಾಲಿಡದವರು. ಸ್ಟೂಲಿನ ಮೇಲೆ ನಿಂತು ಕಡಲು ತಿದ್ದುವ ಹೆಂಗಸನ್ನು ಕಂಡು ನಿಂತರು. ಚಿತ್ರ ಸರಿಯಾಗಿ ಕಾಣಬೇಕಾದರೆ ಹಿಂದೆ ಹೋಗಬೇಕೆಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅವರಷ್ಟಕ್ಕೇ ರಸ್ತೆ ದಾಟಿ ಎದುರು ಬದಿಯಲ್ಲಿ ಸಾಲಾಗಿ ಕೂತರು.

ಹನ್ನೊಂದು ಗಂಟೆಗೆ ಮೆರವಣಿಗೆ ಬಂತು. ದೂರದಿಂದಲೇ ಘೋಷಣೆ ಕೇಳಿಸಿತು. ನೂರೈವತ್ತು ಜನ, ಬಾವುಟ, ಮುಂದೆ ಎದೆಯುಬ್ಬಿಸಿದ ನಾಲ್ವರು. ತಾಯಂದಿರು ಮಕ್ಕಳ ಕೈ ಹಿಡಿದು ಎದ್ದರು. ಗಣೇಶಪ್ರಸಾದ್ ಹೆಂಡತಿಯ ಪಕ್ಕಕ್ಕೆ ಬಂದು ನಿಂತರು. ಮುಂದಿದ್ದವನೊಬ್ಬ ಗದರಿಸಿದ.

"ಏನಿದು? ಇವತ್ತು ಹರತಾಳ ಅಂತ ಗೊತ್ತಿಲ್ಲವಾ? ಮುಚ್ಚಿ!"

ಕಾಯ್ದೆಯ ಪದ ಪದ ಜಾಲಾಡಿ ಪಳಗಿದ ಸೌದಾಮಿನಿಯ ನಾಲಿಗೆ ಸುಮ್ಮನಿರಲಿಲ್ಲ.

"ಗೇಟು ಮುಚ್ಚಿಯೇ ಇದೆ, ನೋಡಿ. ಬೀಗ ಕೂಡ ಹಾಕಿದೆ. ನಾವೆಲ್ಲ ನಡೆದೇ ಬಂದವರು. ಗೋಡೆ ಮುಚ್ಚುವುದು ಹೇಗೆ ಅಂತ ಮಾತ್ರ ನಮಗೆ ತಿಳಿಯದು. ನಿಮಗೆ ತಿಳಿದಿದ್ದರೆ ಹೇಳಿಕೊಡಿ, ಮುಚ್ಚುತ್ತೇವೆ."

ಎದುರು ಬದಿಯಲ್ಲಿ ಯಾರೋ ನಕ್ಕರು. ನಗು ಸಾಲಿನುದ್ದಕ್ಕೂ ಹಬ್ಬಿತು. ಗದರಿಸಿದವನು ಉತ್ತರಕ್ಕಾಗಿ ಗೋಡೆಯತ್ತ ನೋಡಿದ, ಮತ್ತೆ ನೋಡಿದ. ಅವನ ಹಿಂದಿನವರೂ ನೋಡಿದರು. ಮುಂದಿನ ಸಾಲಿನಲ್ಲಿ ಘೋಷಣೆ ನಿಂತಿತು. ಹಿಂದಿನವರು "ಏನಾಯಿತು, ಏನಾಯಿತು" ಎಂದು ಕತ್ತು ಚಾಚಿದರು. ಕೊನೆಗೆ ಇಡೀ ಮೆರವಣಿಗೆ ಸದ್ದಿಲ್ಲದೆ, ಚಿತ್ರದ ಉದ್ದಕ್ಕೂ ಹೆಜ್ಜೆ ನಿಧಾನಿಸಿ ದಾಟಿ, ಮುಂದಿನ ತಿರುವಿನಲ್ಲಿ ಮತ್ತೆ ಕೂಗತೊಡಗಿತು. ಬಾಲದಲ್ಲಿದ್ದ ಆರೇಳು ಜನ ತಿರುವಿನವರೆಗೆ ಹೋಗಲೇ ಇಲ್ಲ. ಬಾವುಟ ಮಡಿಚಿ ಮಕ್ಕಳ ಪಕ್ಕದಲ್ಲಿ ಕೂತರು.

ಆ ಗುಂಪಿನಲ್ಲಿದ್ದ ಪುಟ್ಟ ಹುಡುಗಿಯೊಬ್ಬಳು ಇದ್ದಕ್ಕಿದ್ದಂತೆ ಕಿರುಚಿದಳು. "ಅಮ್ಮಾ, ಅವರೇ! ಚಿತ್ರದವರು ಬರುತ್ತಿದ್ದಾರೆ!"

ಸೌತ್ ರೈಲ್ವೆ ಸ್ಟೇಷನ್ನಿನ ಕಡೆಯಿಂದ ಏಳು ಹೆಂಗಸರು ಬರುತ್ತಿದ್ದರು. ಇಸ್ತ್ರಿ ಮಾಡಿದ ಸೀರೆ, ಇಗರ್ಜಿಗೆ ಹೋಗುವಾಗ ಹಾಕುವ ಸರ, ಕೈಯಲ್ಲಿ ಊಟದ ಡಬ್ಬಿಗಳ ಚೀಲ. ಹರತಾಳ ಶುರುವಾಗುವ ಮೊದಲೇ ವಿಳಿಂಜಂ ಬಿಟ್ಟು ರೈಲು ಹಿಡಿದವರು. ತಲೆಯ ಮೇಲೆ ಏನೂ ಇರಲಿಲ್ಲ, ಆದರೂ ಅದೇ ನಡಿಗೆ. ಯಾರೂ ಹೇಳದೆ ಜನ ಎರಡಾಗಿ ದಾರಿ ಬಿಟ್ಟರು. ಪೊಲೀಸರೂ ಸರಿದರು.

ಫಿಲೋಮಿನ ಚಿತ್ರದ ಮುಂದೆ ಸೊಂಟದ ಮೇಲೆ ಕೈಯಿಟ್ಟು ನಿಂತಳು. ಈ ತುದಿಯಿಂದ ಆ ತುದಿಗೆ ಒಮ್ಮೆ ನಡೆದಳು. ತಿರುಗಿ ಬಂದಳು. ಬೀದಿಗೆ ಬೀದಿಯೇ ಅವಳ ಬಾಯಿ ನೋಡುತ್ತಿತ್ತು.

"ಮಾಮಿ," ಎಂದಳು, "ನನ್ನ ಮೂಗು ಇಷ್ಟು ದೊಡ್ಡದಾ?"

"ಇದಕ್ಕಿಂತ ದೊಡ್ಡದು," ಎಂದಳು ಸೌದಾಮಿನಿ. "ನಾನು ಸ್ವಲ್ಪ ಕಡಿಮೆ ಮಾಡಿದ್ದೇನೆ."

ಫಿಲೋಮಿನಳ ನಗು ಬೀದಿಯ ಆ ಕೊನೆಗೆ ಕೇಳಿಸಿತು. ಆಮೇಲೆ ಅವಳು ಚಿತ್ರದೊಳಗಿನ ತನ್ನ ಪಾತ್ರೆಯತ್ತ ಕತ್ತೆತ್ತಿ ಮೀನಿನ ಕಣ್ಣು ಪರೀಕ್ಷಿಸಿದಳು. "ಚಾಳ ಇವತ್ತಿನದೇ. ಮೋಸವಿಲ್ಲ," ಎಂದು ಎಲ್ಲರಿಗೂ ಕೇಳುವಂತೆ ತೀರ್ಪು ಕೊಟ್ಟಳು. ಜನ ಚಪ್ಪಾಳೆ ಹೊಡೆದರು. ಇಪ್ಪತ್ತೈದು ವರ್ಷಗಳಲ್ಲಿ ಪತ್ರಿಕೆಯವರು ಬರೆದ ಯಾವ ಹೊಗಳಿಕೆಯೂ ಸೌದಾಮಿನಿಗೆ ಇಷ್ಟು ಹಿತವಾಗಿರಲಿಲ್ಲ. ಉಳಿದ ಆರು ಮಂದಿ ತಮ್ಮ ತಮ್ಮ ಚಿತ್ರದ ಕೆಳಗೆ ಹೋಗಿ ನಿಂತರು. ಬರಲಾಗದ ನಾಲ್ವರ ಹೆಸರನ್ನು ಬೆರಳು ತೋರಿಸಿ ತೋರಿಸಿ ಜನರಿಗೆ ಹೇಳಿದರು.

ಒಂದು ಗಂಟೆಗೆ ಬಿಸಿಲು ಗೋಡೆ ಮುಟ್ಟುವ ಹೊತ್ತಿಗೆ ಚಿತ್ರ ಇಳಿಸಬೇಕಾಯಿತು. ಆಗ ಹಿತ್ತಲ ಗೇಟಿನಿಂದ ಒಳಗೆ ಹೋಗಿದ್ದ ಕಲ್ಯಾಣಿ ಹಾಲಿನೊಳಗೆ ನಿಂತು ಕರೆದಳು. "ಚೇಚಿ, ಇಲ್ಲಿ ಬನ್ನಿ."

ಹದಿನಾಲ್ಕು ಅಡಿಯ ಗೋಡೆ ಖಾಲಿಯಾಗಿತ್ತು. ಅಚ್ಯುತನ್ ಮಾಷ್ ತಮ್ಮ ಐದೂ ಚಿತ್ರಗಳನ್ನು ಇಳಿಸಿ ಮೆಟ್ಟಿಲ ಬಳಿಯ ಕತ್ತಲೆಗೆ ಸಾಗಿಸಿದ್ದರು. ಗೋಡೆಯ ಕೊನೆಗಿದ್ದ ಪ್ಲೈವುಡ್ಡಿನ ಆಫೀಸು ಕೋಣೆಯನ್ನು ಇಬ್ಬರು ಚಿತ್ರಕಾರರು ಮೊಳೆ ಮೊಳೆಯಾಗಿ ಕೀಳುತ್ತಿದ್ದರು.

"ಮಾಷೇ, ಇದು ಬೇಡ," ಎಂದಳು ಸೌದಾಮಿನಿ. "ನಿಮ್ಮದನ್ನು ಅಲ್ಲಿ ಯಾರು ನೋಡುತ್ತಾರೆ?"

"ನಲವತ್ತು ವರ್ಷ ನೋಡಿದ್ದಾರೆ," ಎಂದರು ಮಾಷ್. "ನಾಳೆ ಬಸ್ಸು ಬರುತ್ತದೆ ಸೌದಾಮಿನೀ. ಹನ್ನೊಂದು ಜನ ಎಲ್ಲಿಗೆ ಹೋಗಬೇಕು? ಆ ತುದಿ ಹಿಡಿ, ಎಳೆಯೋಣ."

ಅವಳು ತುದಿ ಹಿಡಿದಳು. ಕೋಣೆ ಕಿತ್ತು ಬಂದಾಗ ಗೋಡೆ ಇಪ್ಪತ್ಮೂರು ಅಡಿ ಮೂರಂಗುಲವಾಗಿತ್ತು.

ಆ ದಿನ ಊರಲ್ಲಿ ಒಂದು ಹೋಟೆಲೂ ತೆರೆದಿರಲಿಲ್ಲ. ವಿಳಿಂಜಂನ ಡಬ್ಬಿಗಳಲ್ಲಿ ಮರಗೆಣಸು, ಮೀನಿನ ಸಾರು. ಜೊತೆಗೆ ಮಾಮಿಗೆಂದೇ ಒಂದು ಡಬ್ಬಿಯಲ್ಲಿ ಬರೇ ಗೆಣಸು, ಗಾಂಧಾರಿ ಮೆಣಸಿನ ಚಟ್ನಿ. ಹಾಲಿನ ನೆಲದ ಮೇಲೆ ಎಲ್ಲರೂ ವೃತ್ತವಾಗಿ ಕೂತು ಉಂಡರು. ಉದ್ಘಾಟನೆಯ ದೀಪ ಹಚ್ಚಬೇಕೆಂದು ಯಾರಿಗೂ ನೆನಪಾಗಲಿಲ್ಲ.

ಸಂಜೆ ಆರಕ್ಕೆ ಗೇಟಿನ ಬೀಗ ತೆಗೆದರು. ಬೆಳಿಗ್ಗೆ ರಸ್ತೆಯಲ್ಲಿ ಕೂತು ನೋಡಿದವರು ಮನೆಗೆ ಹೋಗಿ ನೆರೆಯವರನ್ನು ಕರೆತಂದಿದ್ದರು. ಹರತಾಳದ ದಿನ ತೋರಿಸಲು ಬೇರೇನೂ ಸಿಗದ ಟಿವಿಯವರು ಮಧ್ಯಾಹ್ನದಿಂದ ಮೀನಿನ ಹೆಂಗಸರ ಚಿತ್ರವನ್ನೇ ತೋರಿಸಿದ್ದರು. ಸಾಲು ಗೇಟು ದಾಟಿ, ಗೋಡೆ ದಾಟಿ, ತಿರುವಿನವರೆಗೆ ಬೆಳೆಯಿತು. ಕಲ್ಯಾಣಿಯ ಕಲ್ಲುಗಳನ್ನು ಜನ ಮುಟ್ಟಿ ನೋಡಿದರು. ಮೆಟ್ಟಿಲ ಬಳಿಯ ಚಿತ್ರಗಳ ಮುಂದೆ ಗುಂಪು ಎಷ್ಟಾಯಿತೆಂದರೆ, ಅಚ್ಯುತನ್ ಮಾಷ್ ಟಾರ್ಚು ಹಿಡಿದು ತಮ್ಮ ಚಿತ್ರಗಳಿಗೆ ತಾವೇ ಬೆಳಕು ತೋರಿಸುತ್ತ ನಿಂತರು. ಬಾಗಿಲ ಬಳಿ ಇಟ್ಟ ಸಂದರ್ಶಕರ ಪುಸ್ತಕದ ಹಾಳೆಗಳು ಏಳೂವರೆಗೆ ಮುಗಿದು, ಹೆಸರುಗಳು ರಟ್ಟಿನ ಮೇಲೆ ಹತ್ತಿದವು.

ಫಿಲೋಮಿನ ಮತ್ತು ಜೊತೆಯವರನ್ನು ರೈಲು ಹತ್ತಿಸಿ ಸೌದಾಮಿನಿ ಮರಳಿ ಬಂದಾಗ ಗೇಟಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಬೆಳಗಿನವರ ಬದಲಿಗೆ ಬಂದ ಹೊಸ ಪೊಲೀಸಿನವನು ಲಾಠಿ ಅಡ್ಡ ಹಿಡಿದ.

"ಚೇಚೀ, ಹಾಗೆ ನುಗ್ಗಬೇಡಿ. ಎಲ್ಲರೂ ಕಾಯುತ್ತಿದ್ದಾರೆ. ಸಾಲಿನಲ್ಲಿ ಬನ್ನಿ."

ಗಣೇಶಪ್ರಸಾದ್, "ಅಯ್ಯೋ, ಇವಳೇ..." ಎಂದು ಬಾಯಿ ತೆರೆದರು. ಸೌದಾಮಿನಿ ಅವರ ತೋಳು ಹಿಡಿದು ಎಳೆದಳು.

"ಸುಮ್ಮನಿರಿ. ಅವನು ಸರಿಯಾಗಿಯೇ ಹೇಳ್ತಿದ್ದಾನೆ."

ಗಂಡನನ್ನು ಕರೆದುಕೊಂಡು ಗೋಡೆಯ ಉದ್ದಕ್ಕೂ ನಡೆದು, ತಿರುವು ದಾಟಿ, ಸಾಲಿನ ಕೊನೆಯಲ್ಲಿ ಹೋಗಿ ನಿಂತಳು. ಅವಳ ಮುಂದೆ ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡ ಒಬ್ಬ ತಂದೆ ಇದ್ದ. ಅವನು ಹಿಂದೆ ತಿರುಗಿ, ಒಳಗಿರುವುದು ನೋಡುವಂಥದ್ದೇ, ಎಷ್ಟು ಹೊತ್ತಾದರೂ ಕಾದು ನೋಡಿ ಹೋಗಿ ಎಂದು ಅವಳಿಗೆ ಬುದ್ಧಿ ಹೇಳಿದ. ಆಗಲಿ ಎಂದಳು ಸೌದಾಮಿನಿ.